ಬಳ್ಳಾರಿಯ ವೀಸಾ ಕನ್ಸಲ್ಟೆನ್ಸಿ: ಫೈಲ್ ಕೆಲಸಕ್ಕೆ ಹೋಗಿ, ದೇಶ ಆರಿಸೋಕೆ ಬೇಡ

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಅಲ್ಲಿ ಫೈಲ್ ನೋಡುವ ಮೇಡಂಗೆ. ಉಳಿದ ಅರ್ಧ ಎಸಿಗೆ. ಬಳ್ಳಾರಿ ಬಿಸಿಲಲ್ಲಿ ಎಸಿಗೆ ಅರ್ಧ ಸ್ಟಾರ್ ಕೊಡದಿದ್ದರೆ ಪಾಪ ತಟ್ಟುತ್ತದೆ.

ಆಫೀಸಿನ ಹೆಸರು ಬರೆಯುವುದಿಲ್ಲ. ಊರು ಚಿಕ್ಕದು, ನಾಳೆ ಅವರೇ ಎದುರಿಗೆ ಸಿಗುತ್ತಾರೆ. ಅದೂ ಅಲ್ಲದೆ ನಾನು ವಿಚಾರಿಸಿದ ಬೇರೆ ಒಂದೆರಡು ಕಡೆಯೂ ಮಾತು ಹೆಚ್ಚುಕಡಿಮೆ ಇದೇ ಇತ್ತು. ಹಾಗಾಗಿ ಇದನ್ನು ಒಂದು ಅಂಗಡಿಯ ರಿವ್ಯೂ ಅಂತ ಓದಿದರೂ ಸರಿ, ಈ ವ್ಯಾಪಾರದ ರಿವ್ಯೂ ಅಂತ ಓದಿದರೂ ಸರಿ.

ನಾನು ಅಕೌಂಟ್ಸ್ ಬರೆಯುವವನು. ಇಲ್ಲಿನ ಜೀನ್ಸ್ ಹೊಲಿಯುವ ಘಟಕಗಳ ಜಿಎಸ್‌ಟಿ ರಿಟರ್ನ್ಸ್, ಅಂಗಡಿಗಳ ಲೆಕ್ಕ, ಮಾರ್ಚ್ ಬಂದರೆ ನಿದ್ದೆ ಇಲ್ಲ. ವೀಸಾ ನನ್ನ ಕಸುಬಲ್ಲ. ಅಕ್ಕನ ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ತೋರಣಗಲ್ಲಿನಲ್ಲಿ ಗುತ್ತಿಗೆದಾರರ ಕೈಕೆಳಗೆ ಶಿಫ್ಟ್ ಡ್ಯೂಟಿ ಮಾಡುತ್ತಿದ್ದ. ಇದ್ದಕ್ಕಿದ್ದಂತೆ, "ಮಾಮ, ನಾನು ಎಂಎಸ್ ಮಾಡೋಕೆ ಹೊರಗೆ ಹೋಗ್ತೀನಿ" ಅಂದ. ಅಕ್ಕ, ಭಾವ ಸಿರುಗುಪ್ಪ ಹತ್ತಿರದ ಹಳ್ಳಿಯಲ್ಲಿದ್ದಾರೆ. ತುಂಗಭದ್ರಾ ಕಾಲುವೆ ನೀರು, ಭತ್ತದ ಗದ್ದೆ, ಒಂದು ಮನೆ. ದುಡ್ಡು ಇಲ್ಲ ಅಂತಲ್ಲ. ಆದರೆ ಆ ದುಡ್ಡು ಕಾಗದದ ಮೇಲೆ ಕಾಣುವುದಿಲ್ಲ. ಮಿಲ್‌ನವರು ಒಂದಷ್ಟು ನಗದು ಕೊಡುತ್ತಾರೆ, ಒಂದಷ್ಟು ಖಾತೆಗೆ ಹಾಕುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಭಾವ ಒಂದು ಸಲವೂ ಐಟಿ ರಿಟರ್ನ್ ಹಾಕಿಲ್ಲ. ವೀಸಾ ವಿಷಯದಲ್ಲಿ ನಮ್ಮ ಕಡೆಯ ರೈತರ ಮಕ್ಕಳಿಗೆ ಎದುರಾಗುವ ದೊಡ್ಡ ತೊಡಕು ಇದೇ. ಮಾರ್ಕ್ಸ್, ಇಂಗ್ಲಿಷ್ ಎಲ್ಲ ಆಮೇಲೆ.

ಆಫೀಸು ಮೊದಲನೇ ಮಹಡಿಯಲ್ಲಿದೆ. ಗೋಡೆ ತುಂಬ ಬಾವುಟಗಳು, ನಗುತ್ತಾ ಪಾಸ್‌ಪೋರ್ಟ್ ಹಿಡಿದ ಹುಡುಗರ ಫೋಟೋಗಳು. ಬಾಗಿಲ ಪಕ್ಕ ಒಂದು ಹಿತ್ತಾಳೆ ಗಂಟೆ. ವೀಸಾ ಬಂದವರು ಬಾರಿಸಬೇಕಂತೆ. ಒಳ್ಳೆಯದೇ. ಆದರೆ ಅದರ ಪಕ್ಕದಲ್ಲೇ ಇದ್ದ ಕೆನಡಾ ಪೋಸ್ಟರ್‌ನಲ್ಲಿ 'ಎಸ್‌ಡಿಎಸ್ ಮೂಲಕ ಬೇಗ ವೀಸಾ' ಅಂತ ಇನ್ನೂ ಇತ್ತು. ಕೆನಡಾದವರು ಆ ಎಸ್‌ಡಿಎಸ್ ಅನ್ನುವ ವಿದ್ಯಾರ್ಥಿ ವೀಸಾದ ಶೀಘ್ರ ದಾರಿಯನ್ನು 2024ರ ನವೆಂಬರ್ 8ಕ್ಕೇ ಮುಚ್ಚಿದ್ದಾರೆ. ಇನ್ನೊಂದು ಪೋಸ್ಟರ್‌ನಲ್ಲಿ ಯುಕೆಗೆ ಗಂಡ ಹೆಂಡತಿ ಜೊತೆಯಾಗಿ ಹೋಗುತ್ತಿರುವ ಚಿತ್ರ. ಅದೂ 2024ರ ಜನವರಿಯಿಂದ ಇಲ್ಲ. ಸಂಶೋಧನೆಯ ಕೋರ್ಸ್ ಬಿಟ್ಟು ಮಾಮೂಲಿ ಮಾಸ್ಟರ್ಸ್‌ಗೆ ಹೋಗುವವರು ಈಗ ಅಲ್ಲಿಗೆ ಮನೆಯವರನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಪೋಸ್ಟರ್ ಬದಲಿಸೋಕೆ ಎಷ್ಟು ಖರ್ಚು ಬರುತ್ತೆ ಅಂತ ಕೇಳಬೇಕು ಅನ್ನಿಸಿತು. ಮೊದಲ ಭೇಟಿ ಅಂತ ಸುಮ್ಮನಾದೆ.

ಕೌನ್ಸೆಲರ್ ಹುಡುಗ ಟೈ ಕಟ್ಟಿದ್ದ, ಮಾತು ಚೆನ್ನಾಗಿತ್ತು. ಅವನ ಮೊದಲ ಪ್ರಶ್ನೆ ಮಾರ್ಕ್ಸ್ ಬಗ್ಗೆ ಅಲ್ಲ, ಕೋರ್ಸ್ ಬಗ್ಗೆಯೂ ಅಲ್ಲ. "ಬಜೆಟ್ ಎಷ್ಟ್ರೀ ಸಾರ್?" ನಾನು ಉತ್ತರ ಕೊಡುವ ಮೊದಲೇ ಯುಕೆ ಬ್ರೋಷರ್‌ಗಳು ಮೇಜಿಗೆ ಬಂದವು. ಒಂದು ವರ್ಷದ ಕೋರ್ಸ್, ಪಿಯುಸಿ ಇಂಗ್ಲಿಷ್ ಮಾರ್ಕ್ಸ್ ಸಾಕು, ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬೇಡ, ನಮ್ಮ ಸರ್ವಿಸ್ ಪೂರ್ತಿ ಫ್ರೀ, ರಿಜಿಸ್ಟ್ರೇಷನ್ 10 ಸಾವಿರ ಮಾತ್ರ. ಫ್ರೀ ಅಂದಮೇಲೆ 10 ಸಾವಿರ ಯಾಕೆ ಅಂತ ಭಾವ ಕೇಳಿದರು. "ಸೀರಿಯಸ್ ಕ್ಯಾಂಡಿಡೇಟ್ಸ್ ಮಾತ್ರ ಬರಲಿ ಅಂತ ಸಾರ್." ಕಟ್ಟಿದೆವು.

ಆಮೇಲೆ ಹುಡುಗ ಮೆಲ್ಲಗೆ, "ಜರ್ಮನಿ?" ಅಂದ. ಕೌನ್ಸೆಲರ್ ಮುಖ ಸ್ವಲ್ಪ ಇಳಿಯಿತು. ಭಾಷೆ ಕಷ್ಟ, ತಡ ಆಗುತ್ತೆ, ಆ ಸರ್ಟಿಫಿಕೇಟು ಈ ಸರ್ಟಿಫಿಕೇಟು ಅಂತೆಲ್ಲ ಹೇಳಿ ಕೊನೆಗೆ, "ಜರ್ಮನಿಗಾದರೆ ಸರ್ವಿಸ್ ಚಾರ್ಜ್ 75 ಸಾವಿರ" ಅಂದ.

ನನ್ನ ಅಕೌಂಟ್ಸ್ ತಲೆ ಅಲ್ಲೇ ನಿಂತಿತು. ಅದೇ ಕುರ್ಚಿ, ಅದೇ ಕಂಪ್ಯೂಟರ್. ಒಂದು ದೇಶಕ್ಕೆ ಫ್ರೀ, ಇನ್ನೊಂದಕ್ಕೆ 75 ಸಾವಿರ. ಲೆಕ್ಕ ಸರಳ. ಯುಕೆ, ಐರ್ಲೆಂಡ್, ಆಸ್ಟ್ರೇಲಿಯಾ ಕಡೆಯ ಅನೇಕ ಕಾಲೇಜುಗಳು ವಿದ್ಯಾರ್ಥಿ ಕಟ್ಟುವ ಮೊದಲ ವರ್ಷದ ಫೀಸಿನಲ್ಲಿ ಏಜೆಂಟರಿಗೆ ಪಾಲು ಕೊಡುತ್ತವೆ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಫೀಸೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಮೆಟ್ಟಿಲು ಇಳಿಯುವಾಗ ಭಾವನೇ ಹೇಳಿದರು: "ಇದು ದಲಾಲಿ ಅಂಗಡಿನೇ ಬಿಡಪ್ಪ. ಯಾರು ಕಮಿಷನ್ ಕೊಡ್ತಾರೋ ಅವರ ಮಾಲು ಮುಂದಿಡ್ತಾರೆ." ಎಪಿಎಂಸಿಯಲ್ಲಿ ಇಷ್ಟು ವರ್ಷ ಭತ್ತ ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಮಿಷನ್ ತಗೊಳ್ಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರಿಗೂ ಬಾಡಿಗೆ ಇದೆ, ಸಂಬಳ ಇದೆ. ಆದರೆ ಬಾಯಿಬಿಟ್ಟು ಹೇಳಬೇಕು ಅಲ್ವಾ? 'ಹುಡುಗನ ಪ್ರೊಫೈಲ್‌ಗೆ ಯುಕೆನೇ ಬೆಸ್ಟ್' ಅನ್ನುವುದು ಸಲಹೆ ಅಲ್ಲ, ವ್ಯಾಪಾರ.

ಮನೆಗೆ ಬಂದು ನಾನೂ ಹುಡುಗನೂ ಲೆಕ್ಕದ ಪುಸ್ತಕ ತೆಗೆದು ಕೂತೆವು. ಆಯಾ ಸರ್ಕಾರಗಳ ವೆಬ್‌ಸೈಟ್‌ನಲ್ಲಿ ಇದ್ದ ಅಂಕಿಗಳನ್ನೇ ಬರೆದುಕೊಂಡೆವು, ಬ್ರೋಷರ್ ಮುಟ್ಟಲಿಲ್ಲ.

ಯುಕೆಗೆ ವೀಸಾ ಶುಲ್ಕ ನಾವು ನೋಡಿದಾಗ 524 ಪೌಂಡ್ ಇತ್ತು. ಅದರ ಮೇಲೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ಹೆಲ್ತ್ ಸರ್‌ಚಾರ್ಜ್, ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸ್ ಅಂದರೂ ವೀಸಾ ಅದಕ್ಕಿಂತ ಕೆಲವು ತಿಂಗಳು ಜಾಸ್ತಿ ಇರುತ್ತದೆ, ಹಾಗಾಗಿ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಮೊದಲೇ ಕಟ್ಟಬೇಕು. ಇದನ್ನು ಕೌನ್ಸೆಲರ್ ಹೇಳಿರಲಿಲ್ಲ. ಕಾಲೇಜು ಫೀಸ್ ಬೇರೆ. ಖರ್ಚಿಗೆ ದುಡ್ಡು ತೋರಿಸಬೇಕಾದ್ದು ಬೇರೆ: ಲಂಡನ್ ಆದರೆ ತಿಂಗಳಿಗೆ 1,529, ಹೊರಗೆ ಆದರೆ 1,171 ಪೌಂಡ್, ಒಂಬತ್ತು ತಿಂಗಳಿಗೆ. ಲಂಡನ್ ಹೊರಗೆ ಅಂದರೂ 10,539 ಪೌಂಡ್ ಆಯಿತು. ಆ ದುಡ್ಡು ಸತತ 28 ದಿನ ಖಾತೆಯಲ್ಲಿ ಒಂದು ರೂಪಾಯಿ ಕಡಿಮೆಯಾಗದೆ ಇರಬೇಕು. ಖಾತೆ ವಿದ್ಯಾರ್ಥಿಯದ್ದಾಗಿರಬೇಕು, ಇಲ್ಲ ಅಪ್ಪ ಅಮ್ಮನದ್ದು. ಮಾಮನ ಖಾತೆ ನಡೆಯುವುದಿಲ್ಲ. ನಾನು ಕೊಡುತ್ತೇನೆ ಅಂತ ಅಕ್ಕನಿಗೆ ಧೈರ್ಯ ಹೇಳಿದ್ದೆ, ಅದು ನನ್ನ ಖಾತೆಯಲ್ಲೇ ಕೂತಿದ್ದರೆ ಪ್ರಯೋಜನ ಇಲ್ಲ. ಕೋರ್ಸ್ ಮುಗಿದ ಮೇಲೆ ಕೆಲಸ ಹುಡುಕೋಕೆ ಕೊಡುವ ಎರಡು ವರ್ಷವನ್ನೂ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸುತ್ತಿದ್ದಾರೆ. ಈಗ ಹೋಗುವ ಹುಡುಗ ಕೋರ್ಸ್ ಮುಗಿಸುವ ಹೊತ್ತಿಗೆ ಅದೇ ಅವನ ಪಾಲಿಗೆ ಬರುವುದು.

ಜರ್ಮನಿ ಬೇರೆ ಥರ. ಅಲ್ಲಿ ಬ್ಲಾಕ್ಡ್ ಅಕೌಂಟ್ ಅಂತ ಇದೆ. ವಿದ್ಯಾರ್ಥಿಯ ಹೆಸರಲ್ಲಿ 11,904 ಯೂರೋ ಹಾಕಬೇಕು, ನಮ್ಮ ಲೆಕ್ಕದಲ್ಲಿ 12 ಲಕ್ಷದ ಆಸುಪಾಸು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವನ ಕೈಗೇ ಬರುತ್ತದೆ. ನನಗೆ ಹಿಡಿಸಿದ್ದು ಇದು. ಇದು ತೋರಿಸಿ ವಾಪಸ್ ತೆಗೆಯುವ ದುಡ್ಡಲ್ಲ, ಹುಡುಗ ಊಟಕ್ಕೆ ಬಾಡಿಗೆಗೆ ಖರ್ಚು ಮಾಡುವ ದುಡ್ಡು. ಸಾಲ ಮಾಡಿ ಹಾಕಿದರೂ ಯಾಕೆ ಸಾಲ ಮಾಡಿದೆವು ಅಂತ ಗೊತ್ತಿರುತ್ತದೆ. ವೀಸಾ ಶುಲ್ಕ 75 ಯೂರೋ. ಭಾರತದವರು ವೀಸಾಗೆ ಮೊದಲು ಎಪಿಎಸ್ ಸರ್ಟಿಫಿಕೇಟ್ ತಗೊಳ್ಳಬೇಕು, 2022ರ ನವೆಂಬರ್‌ನಿಂದ ಕಡ್ಡಾಯ, 18 ಸಾವಿರ ರೂಪಾಯಿ. ನಮ್ಮ ಡಿಗ್ರಿ, ಮಾರ್ಕ್ಸ್ ಕಾರ್ಡ್ ಅಸಲಿಯೋ ಅಂತ ನೋಡಿ ಕೊಡುವ ಕಾಗದ ಅದು. ಸುಮಾರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಯೂನಿ-ಅಸಿಸ್ಟ್ ಅನ್ನುವ, ಒಂದೇ ಕಡೆ ಅರ್ಜಿ ತಗೊಳ್ಳುವ ಸಂಸ್ಥೆಯ ಮೂಲಕ ಹೋಗುತ್ತದೆ. ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ಗೆ ಆಮೇಲಿನ ಒಂದೊಂದಕ್ಕೆ 30. ಇದಕ್ಕೆ ಏಜೆಂಟ್ ಬೇಕಾಗಿಲ್ಲ, ಹುಡುಗನೇ ರಾತ್ರಿ ಕೂತು ಹಾಕಿದ.

ಎಲ್ಲ ಪುಕ್ಕಟೆ ಅಂತ ಖುಷಿಯಾಗಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸ್ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಟಿಯುಎಂ ಕೂಡ 2024ರಿಂದ ಹೊರಗಿನವರಿಗೆ ಫೀಸ್ ಹಾಕಿದೆ. ಆರೋಗ್ಯ ವಿಮೆ ಕಡ್ಡಾಯ, ತಿಂಗಳಿಗೆ 140 ಯೂರೋ ಮೇಲೆ. ಕೌನ್ಸೆಲರ್ ಹೇಳಿದ ಭಾಷೆಯ ಮಾತೂ ಸುಳ್ಳಲ್ಲ. ಇಂಗ್ಲಿಷ್‌ನಲ್ಲೇ ಮಾಸ್ಟರ್ಸ್ ಮಾಡಬಹುದು. ಆದರೆ ಕಾರ್ಖಾನೆಯಲ್ಲಿ ಕೆಲಸ ಬೇಕು ಅಂದರೆ ಜರ್ಮನ್ ಬರಲೇಬೇಕು. ಬಳ್ಳಾರಿಯಲ್ಲಿ ನಮಗೆ ಕಲಿಸುವವರು ಸಿಗಲಿಲ್ಲ. ಹುಡುಗ ಆನ್‌ಲೈನ್ ಕ್ಲಾಸ್ ಸೇರಿದ. ಶಿಫ್ಟ್ ಮುಗಿಸಿ ಬಂದು ರೂಮಿನಲ್ಲಿ ಒಬ್ಬನೇ ಡೇರ್, ಡೀ, ಡಾಸ್ ಅಂತ ಉರು ಹೊಡೆಯುತ್ತಿದ್ದರೆ ಅಕ್ಕ ಫೋನಲ್ಲಿ, "ಯಾರಿಗೋ ಬೈತಿದಾನೇನೋ" ಅನ್ನುತ್ತಿದ್ದಳು.

ಬೇರೆ ದೇಶಗಳನ್ನು ಬೇಗ ಬಿಟ್ಟೆವು. ಆಸ್ಟ್ರೇಲಿಯಾದ ವೀಸಾ ಶುಲ್ಕವೇ 2,000 ಆಸ್ಟ್ರೇಲಿಯನ್ ಡಾಲರ್, ವೀಸಾ ಸಿಗದಿದ್ದರೆ ಅಷ್ಟೂ ಹೋಯಿತು. ಕೆನಡಾಕ್ಕೆ ಫೀಸ್, ಪ್ರಯಾಣ ಬಿಟ್ಟು ಖರ್ಚಿಗೇ 22,895 ಕೆನಡಾ ಡಾಲರ್ ತೋರಿಸಬೇಕು. ಅಮೆರಿಕದ ಮಾತು ಬಂದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೈದರಾಬಾದ್ ನೆಂಟರೊಬ್ಬರು ಸಲಹೆ ಕೊಡೋಕೆ ಇರುತ್ತಾರೆ. ವೀಸಾ ಅರ್ಜಿಗೆ 185 ಡಾಲರ್, ವಿದ್ಯಾರ್ಥಿ ನೋಂದಣಿಗೆ ಸೆವಿಸ್ ಅಂತ 350 ಡಾಲರ್, ಕೊನೆಗೆ ಕೌಂಟರ್ ಮುಂದೆ ಎರಡು ಮೂರು ನಿಮಿಷದ ಮಾತಲ್ಲಿ ತೀರ್ಮಾನ. ಹುಡುಗನಿಗೆ ಅದು ಬೇಡ ಅನ್ನಿಸಿತು. ನಾನು ಒತ್ತಾಯ ಮಾಡಲಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯ. ಭಾವನ ಪಾಸ್‌ಬುಕ್ ನೋಡಿದ ಕೌನ್ಸೆಲರ್ ಕುರ್ಚಿ ಹತ್ತಿರ ಎಳೆದುಕೊಂಡು, "ಫಂಡ್ ಬಗ್ಗೆ ತಲೆ ಕೆಡಿಸ್ಕೋಬೇಡ್ರಿ, ಅದಕ್ಕೆ ಜನ ಇದಾರೆ" ಅಂದ. ಯಾರೋ ಫೈನಾನ್ಸ್‌ನವರು ಭಾವನ ಖಾತೆಗೆ ದುಡ್ಡು ಹಾಕುತ್ತಾರೆ, 28 ದಿನ ಬಿಟ್ಟು ತೆಗೆಯುತ್ತಾರೆ, ಅದಕ್ಕೆ ಪರ್ಸೆಂಟೇಜ್ ಲೆಕ್ಕದಲ್ಲಿ ಬಡ್ಡಿ. ಖಾತೆಯ ಎಟಿಎಂ ಕಾರ್ಡ್, ಸಹಿ ಮಾಡಿದ ಚೆಕ್ ಅವರ ಹತ್ತಿರ ಇರುತ್ತದೆ. ಇಷ್ಟನ್ನೂ ಟೀ ತರಿಸೋ ಹಾಗೆ ಸಲೀಸಾಗಿ ಹೇಳಿದ.

ಇದು ಬರೀ ಬಡ್ಡಿ ಪ್ರಶ್ನೆ ಅಲ್ಲ. ರೈತನ ಖಾತೆಗೆ ಒಂದೇ ದಿನ 30 ಲಕ್ಷ ಬಂದರೆ, ಎಲ್ಲಿಂದ ಬಂತು ಅಂತ ಬ್ಯಾಂಕೂ ಕೇಳಬಹುದು, ವೀಸಾ ಅಧಿಕಾರಿಯೂ ಕೇಳಬಹುದು. ಐಟಿ ಇಲಾಖೆ ಕೇಳಿದರೆ ನನ್ನ ಹತ್ತಿರವೇ ಓಡಿ ಬರುತ್ತಾರೆ. ಮೋಸ ಅಂತ ತೀರ್ಮಾನವಾದರೆ ಯುಕೆ 10 ವರ್ಷ ಬಾಗಿಲು ಹಾಕುತ್ತದೆ. ಕೆನಡಾದಲ್ಲಿ 5 ವರ್ಷ. ಅಮೆರಿಕದಲ್ಲಿ ವಿನಾಯಿತಿ ಸಿಗದಿದ್ದರೆ ಜೀವನಪೂರ್ತಿ. ಶಿಕ್ಷೆ ಬೀಳುವುದು ಫೈನಾನ್ಸ್‌ನವನಿಗಲ್ಲ, ಕೌನ್ಸೆಲರ್‌ಗಲ್ಲ, ಪಾಸ್‌ಪೋರ್ಟ್‌ನಲ್ಲಿ ಫೋಟೋ ಇರುವ ಹುಡುಗನಿಗೆ. ಭಾವ ಅಲ್ಲೇ ಎದ್ದು ನಿಂತರು. ನಾನೂ ಎದ್ದೆ. ಮೂರು ಸ್ಟಾರ್ ಹೋಗಿದ್ದು ಅಲ್ಲಿ. ಅರ್ಧ ಎಸಿಯಿಂದ ವಾಪಸ್ ಬಂತು.

ಹಾಗಾದರೆ ಮತ್ತೆ ಅಲ್ಲಿಗೇ ಯಾಕೆ ಹೋದಿರಿ ಅಂತ ಕೇಳುತ್ತೀರಿ. ಒಳಗಿನ ರೂಮಿನಲ್ಲಿ ಕೂರುವ ಮೇಡಂ ಕಾರಣಕ್ಕೆ. ಅವರು ಮಾತಾಡುವುದು ಕಡಿಮೆ. ಕೆಂಪು ಪೆನ್ ಇಟ್ಟುಕೊಂಡು ಕಾಗದ ನೋಡುತ್ತಾರೆ, ಅಷ್ಟೇ. ಮೊದಲ ದಿನವೇ ನಮ್ಮ ಕಟ್ಟು ತಿರುವಿ ಹಾಕಿ, "ಅಪ್ಪಾರ ಹೆಸರು ಮೂರು ಥರ ಐತಲ್ರೀ" ಅಂದರು. ಹೌದು. ಪಹಣಿಯಲ್ಲಿ 'ಯಂ' ಅಂತ ಶುರುವಾದರೆ ಆಧಾರ್‌ನಲ್ಲಿ 'ವೆಂ', ಹುಡುಗನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು. ನಮ್ಮ ಕಡೆ ಇದು ಯಾರಿಗೂ ತಪ್ಪು ಅಂತಲೇ ಅನ್ನಿಸುವುದಿಲ್ಲ. ಹೊರಗಿನ ಅಧಿಕಾರಿಗೆ ಮೂವರು ಬೇರೆ ಬೇರೆ ಅಪ್ಪಂದಿರ ಹಾಗೆ ಕಾಣುತ್ತದೆ. ಯಾವುದನ್ನು ತಿದ್ದಿಸಬೇಕು, ಯಾವುದಕ್ಕೆ ನೋಟರಿ ಅಫಿಡವಿಟ್ ಸಾಕು ಅಂತ ಅವರೇ ವಿಂಗಡಿಸಿ ಕೊಟ್ಟರು.

ಹುಡುಗನ ಹೆಸರಿನ ಇನಿಷಿಯಲ್ ಕಥೆ ಇನ್ನೊಂದು. ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು, ಒಂದಕ್ಷರದ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗೆ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ. ಹೆಸರು ಗೊತ್ತಿಲ್ಲ ಅಂತ ಅರ್ಥ. ನಮಗೆ ಅಮೆರಿಕ ಬೇಕಿರಲಿಲ್ಲ. ಆದರೂ ಪಾಸ್‌ಪೋರ್ಟ್ ಸರಿಮಾಡಿಸಿಕೊಂಡೇ ಎಪಿಎಸ್‌ಗೆ ಹಾಕಿ, ಇಲ್ಲದಿದ್ದರೆ ಎಲ್ಲ ಕಡೆ ಹಳೆ ಹೆಸರೇ ಓಡಾಡುತ್ತೆ ಅಂದರು. ಕೇಳಿದೆವು, ಒಳ್ಳೆಯದಾಯಿತು. ಎಲ್ಲ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್, ಬೆಳಗಾವಿಯ ವಿಶ್ವವಿದ್ಯಾಲಯದಿಂದ ತರಿಸಬೇಕಾದ ಟ್ರಾನ್ಸ್‌ಕ್ರಿಪ್ಟ್, ಯಾವ ಕಾಗದದ ಹಿಂದೆ ಯಾವುದು, ಎಲ್ಲಕ್ಕೂ ಒಂದು ಪಟ್ಟಿ. ಬೆಂಗಳೂರಿಗೆ ವೀಸಾ ಅಪಾಯಿಂಟ್‌ಮೆಂಟ್‌ಗೆ ಹಂಪಿ ಎಕ್ಸ್‌ಪ್ರೆಸ್ ಹತ್ತುವಾಗ ಹುಡುಗನ ಕೈಯಲ್ಲಿದ್ದ ಫೈಲ್‌ನಷ್ಟು ಅಚ್ಚುಕಟ್ಟಾದ ಫೈಲ್ ನನ್ನ ಆಫೀಸಿನಲ್ಲೂ ಇಲ್ಲ.

ಹೀಗಾಗಿ ನಾನು ಒಂದು ಚೌಕಾಸಿ ಮಾಡಿದೆ. ದೇಶ, ಕಾಲೇಜು ನೀವು ಆರಿಸಬೇಡಿ, ಅರ್ಜಿ ನಾವೇ ಹಾಕುತ್ತೇವೆ, ಮೇಡಂ ಫೈಲ್ ನೋಡಿದರೆ ಸಾಕು. ಮಾಲೀಕರು ಒಪ್ಪಿದರು. 75 ಸಾವಿರದ ಜಾಗದಲ್ಲಿ 25 ಸಾವಿರ, ಮೊದಲು ಕಟ್ಟಿದ 10 ಸಾವಿರ ಅದರಲ್ಲೇ ಕಳೆಯುವುದು. ಬಿಲ್ ಕೇಳಿದೆ. ಬಿಳಿ ಚೀಟಿ ಬಂತು, ಜಿಎಸ್‌ಟಿ ನಂಬರ್ ಇಲ್ಲ. "ಪಕ್ಕಾ ಬಿಲ್ ಬೇಕಂದ್ರ 18 ಪರ್ಸೆಂಟ್ ಜಾಸ್ತಿ ಆಗ್ತೈತ್ರಿ ಸಾರ್." ದಿನಾ ನನ್ನ ಗಿರಾಕಿಗಳ ಬಾಯಲ್ಲಿ ಕೇಳುವ ಮಾತನ್ನು ನಾನೇ ಗಿರಾಕಿಯಾಗಿ ಕೇಳಿಸಿಕೊಂಡೆ. 18 ಪರ್ಸೆಂಟ್ ಕೊಟ್ಟು ಪಕ್ಕಾ ಬಿಲ್ಲೇ ತಗೊಂಡೆ.

ಇನ್ನೆರಡು ವಿಷಯದಲ್ಲಿ ಹುಷಾರಾಗಿರಿ. ಒಂದು, ಅವರೇ ವಿದ್ಯಾರ್ಥಿ ಹೆಸರಲ್ಲಿ ಹೊಸ ಇಮೇಲ್ ಮಾಡಿ ಪಾಸ್‌ವರ್ಡ್ ತಮ್ಮ ಹತ್ತಿರ ಇಟ್ಟುಕೊಳ್ಳುತ್ತಾರೆ. ಕಾಲೇಜಿನವರು ಏನು ಬರೆದರು, ಯಾವ ಆಫರ್ ಬಂತು, ನಿಮಗೆ ಗೊತ್ತೇ ಆಗುವುದಿಲ್ಲ. ನಾವು ಹುಡುಗನ ಸ್ವಂತ ಇಮೇಲ್ ಹಾಕಿಸಿದೆವು. ಇನ್ನೊಂದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. ಸ್ಕ್ಯಾನ್ ಮಾಡಿಸಿ ಅಲ್ಲೇ ವಾಪಸ್ ತಗೊಳ್ಳಿ. ಬೇರೆ ಕಡೆ ಹೋಗುತ್ತೇನೆ ಅಂದ ದಿನ ಆ ಒರಿಜಿನಲ್ ವಾಪಸ್ ಪಡೆಯೋಕೆ ಅಲೆದವರನ್ನು ಅದೇ ಸೋಫಾದ ಮೇಲೆ ನೋಡಿದ್ದೇನೆ.

ಸಾಲದ ಬಗ್ಗೆ ಅವರಿಗೆ ಹೆಚ್ಚು ಗೊತ್ತಿಲ್ಲ. ಅವರು ತೋರಿಸಿದ್ದು ಬಡ್ಡಿ ಜಾಸ್ತಿ ಇರುವ ಖಾಸಗಿ ಫೈನಾನ್ಸ್ ಮಾತ್ರ. ನಾವು ಸರ್ಕಾರಿ ಬ್ಯಾಂಕಿಗೆ ಹೋದೆವು. ಗದ್ದೆ ಅಡಮಾನಕ್ಕೆ ಒಪ್ಪಲಿಲ್ಲ, ಕೃಷಿ ಭೂಮಿ ಬೇಡ ಅಂದರು. ಮನೆಯ ಮೇಲೆ ಸಾಲ ಆಯಿತು. ಪಿಎಂ ವಿದ್ಯಾಲಕ್ಷ್ಮಿ ಅಂತ ಶಿಕ್ಷಣ ಸಾಲದ ಯೋಜನೆ ಟಿವಿಯಲ್ಲಿ ಬಂದಿದ್ದನ್ನು ಭಾವ ಕೇಳಿದರು. ಅದು ದೇಶದೊಳಗಿನ ಕಾಲೇಜುಗಳಿಗೆ ಮಾತ್ರ. ಒಂದು ಲಾಭ ಮಾತ್ರ ಹೇಳಲೇಬೇಕು: 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡನ್ನು ಹೊರಗೆ ಕಳಿಸಿದರೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕಿನವರು ಹಿಡಿಯುವ ತೆರಿಗೆ) ಇಲ್ಲ. ಸ್ವಂತ ದುಡ್ಡಾದರೆ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ, ಅದರ ಮೇಲೆ ಹಿಡಿಯುತ್ತಾರೆ. ಹಿಡಿದದ್ದು ವಾಪಸ್ ಬೇಕು ಅಂದರೆ ಐಟಿ ರಿಟರ್ನ್ ಹಾಕಬೇಕು. ಭಾವನಂಥವರು ರಿಟರ್ನ್ ಹಾಕುವುದೇ ಇಲ್ಲವಲ್ಲ, ಆ ದುಡ್ಡು ಅಲ್ಲೇ ಕೂತಿರುತ್ತದೆ.

ಸರ್ಕಾರದ ನೆರವಿನ ಮಾತೂ ಆ ಆಫೀಸಿನಲ್ಲಿ ಬರುವುದಿಲ್ಲ. ಸಂಡೂರು ಕಡೆಯ ಒಬ್ಬ ಹುಡುಗಿ ನಮ್ಮ ಪಕ್ಕ ಕೂತಿದ್ದಳು, ಪರಿಶಿಷ್ಟ ಪಂಗಡದವಳು, ಓದಿನಲ್ಲಿ ಚುರುಕು. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಅಂತ ಕೇಂದ್ರದ್ದು ಇದೆ, ಪರಿಶಿಷ್ಟ ಜಾತಿಯವರಿಗೂ ಪಂಗಡದವರಿಗೂ ಬೇರೆ ಬೇರೆಯಾಗಿ. ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದ್ದನ್ನು ಫೋನ್‌ನಲ್ಲಿ ಬರೆದುಕೊಂಡಳು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಲ್ಲೂ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲೂ ಹೊರದೇಶದ ಓದಿಗೆ ಯೋಜನೆಗಳಿವೆ. ಅರ್ಹತೆ ಇದ್ದವರು ಕನ್ಸಲ್ಟೆನ್ಸಿ ಮೆಟ್ಟಿಲು ಹತ್ತುವ ಮೊದಲು ಆ ಇಲಾಖೆಗಳ ಜಿಲ್ಲಾ ಕಚೇರಿಗೆ ಹೋಗಿ ಬನ್ನಿ.

ನಮ್ಮ ಹುಡುಗನಿಗೆ ಪೂರ್ವ ಜರ್ಮನಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ವೀಸಾ ಆಯಿತು. ಆ ಗಂಟೆ ಬಾರಿಸಿ ಫೋಟೋ ತೆಗೆಸಿಕೊಳ್ಳಿ ಅಂತ ಮಾಲೀಕರು ಫೋನ್ ಮಾಡಿದ್ದರು. ಹುಡುಗ ಹೋಗಿ ಮೇಡಂಗೆ ಸ್ವೀಟ್ ಬಾಕ್ಸ್ ಕೊಟ್ಟು ಬಂದ. ಫೋಟೋ ಬೇಡ ಅಂದ.

ಹೋಗುವವರಿಗೆ: ಸೋಮವಾರ ಬೇಡ, ರಶ್ ಇರುತ್ತದೆ. ಮಧ್ಯಾಹ್ನ ಮೂರರ ಮೇಲೆ ಹೋದರೆ ಮೇಡಂ ಕೈಗೆ ಸಿಗುತ್ತಾರೆ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಲಿಫ್ಟ್ ಇಲ್ಲ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಝೆರಾಕ್ಸ್ ಕೆಳಗಿನ ಅಂಗಡಿಯಲ್ಲೇ ಮಾಡಿಸಿ, ಮೇಲೆ ಒಂದು ಪುಟಕ್ಕೆ ಐದು ರೂಪಾಯಿ ಹಿಡಿಯುತ್ತಾರೆ.